ಬೂಷ್ಟು ಹಿಡಿದ ಗ್ರಾಮಫೋನ್ ತಟ್ಟೆ ತೊಳೆಯುವ ಬಗೆ

ಮೊದಲು ಲೇಬಲ್ ನೋಡಿ. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಎಂದಿದ್ದರೆ ಆ ತಟ್ಟೆ ಬಹುಪಾಲು ಅರಗಿನದು. ಆಲ್ಕೋಹಾಲ್ ತಗುಲಿದರೆ ಅರಗು ಕರಗಿ ಹಾಡೇ ಹೋಗುತ್ತದೆ. ಕೆಳಗಿನ ಮಿಶ್ರಣ 33 ಮತ್ತು 45 ಆರ್‌ಪಿಎಂನ ವಿನೈಲ್ (ಪ್ಲಾಸ್ಟಿಕ್) ತಟ್ಟೆಗೆ ಮಾತ್ರ.

750 ಮಿ.ಲೀ. ಡಿಸ್ಟಿಲ್ಡ್ ವಾಟರ್, 250 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್, ಎರಡೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ನೀರು ಮಾತ್ರ ಹಾಕಿದರೆ ಹನಿಗಟ್ಟಿ ಮೇಲೇ ನಿಲ್ಲುತ್ತದೆ. ಸೋಪಿನ ಹನಿ ಅದನ್ನು ಸೂಜಿ ಓಡುವ ಗೀರಿನೊಳಗೆ ಇಳಿಸುತ್ತದೆ. ನಲ್ಲಿ, ಬೋರ್‌ವೆಲ್ ನೀರು ಬೇಡ. ಒಣಗಿದ ಮೇಲೆ ಅದರ ಸುಣ್ಣದಂಶ ಗೀರಿನಲ್ಲೇ ಉಳಿದು ಚಟಪಟ ಸದ್ದು ಕೊಡುತ್ತದೆ.

ಒಣ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದು, ಲೇಬಲ್ ನೆನೆಯದಂತೆ ಮಿಶ್ರಣ ಸಿಂಪಡಿಸಿ. ಒಂದು ನಿಮಿಷ ಬಿಟ್ಟು ಮೈಕ್ರೋಫೈಬರ್ ಬಟ್ಟೆಯಿಂದ ಗೀರಿನ ಜಾಡಿನಲ್ಲೇ ಸುತ್ತ ಒರೆಸಿ, ಅಡ್ಡಡ್ಡ ಬೇಡ. ಆಮೇಲೆ ಬರಿಯ ಡಿಸ್ಟಿಲ್ಡ್ ವಾಟರ್‌ನಿಂದ ಇನ್ನೊಮ್ಮೆ. ಹೆಚ್ಚಿನವರು ಬಿಡುವುದು ಈ ಕೊನೆಯ ಹಂತವನ್ನೇ! ಉಳಿದ ಸೋಪು ಸೂಜಿಗೆ ಮೆತ್ತಿಕೊಳ್ಳುತ್ತದೆ.

ಪಾತ್ರೆ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ನೆರಳಲ್ಲಿ ಅರ್ಧ ಗಂಟೆ ಒಣಗಿಸಿ. ಬಿಸಿಲಿಗಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ.

ತೊಳೆದ ತಟ್ಟೆಯನ್ನು ಹಳೆಯ ಒಳಕವರಿಗೆ ಮತ್ತೆ ತುರುಕಬೇಡಿ, ಬೂಷ್ಟಿನ ಬೀಜ ಅಲ್ಲೇ ಇರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಗೋಡೆಗೆ ತಾಗದ ಕಪಾಟಿನಲ್ಲಿ, ಪುಸ್ತಕದಂತೆ ನಿಲ್ಲಿಸಿಡಿ.

ಅರಗಿನ ತಟ್ಟೆಗೆ ಡಿಸ್ಟಿಲ್ಡ್ ವಾಟರ್, ಒಂದು ಹನಿ ಸೋಪು ಸಾಕು. ನೆನೆಸಿಡಬೇಡಿ, ಕೂಡಲೇ ಒರೆಸಿ.