ಸಿಮೆಂಟ್ ಕಾರ್ಖಾನೆಯ ಸೈಕ್ಲೋನ್‌ಗಳಿಗೆ ಬಾಳಿಕೆಯ ಒಳಹೊದಿಕೆ ಆರಿಸುವ ಬಗೆ

ಕಲಬುರಗಿ ಜಿಲ್ಲೆಯ ಸೇಡಂ, ವಾಡಿ ಕಡೆಯ ಕಾರ್ಖಾನೆಗಳಲ್ಲಿ ಕಚ್ಚಾ ಪುಡಿಯನ್ನು ಮೊದಲು ಬಿಸಿ ಮಾಡುವ ಪ್ರೀಹೀಟರ್ ಗೋಪುರಗಳಲ್ಲಿ, ಬಿಸಿ ಅನಿಲದಿಂದ ಪುಡಿಯನ್ನು ಸುಳಿಸಿ ಬೇರ್ಪಡಿಸುವ ಸೈಕ್ಲೋನ್‌ಗಳು ಒಂದರ ಮೇಲೊಂದು ಐದಾರು ಹಂತಗಳಲ್ಲಿ ನಿಂತಿರುತ್ತವೆ. ತುದಿಯ ಹಂತದಿಂದ ಹೊರಬೀಳುವ ಅನಿಲದ ಶಾಖ ಸುಮಾರು 300ರಿಂದ 350 ಡಿಗ್ರಿ ಸೆಲ್ಸಿಯಸ್ ಇದ್ದರೆ, ಸುಣ್ಣದ ಕಲ್ಲಿನ ಪುಡಿಯನ್ನು ಸುಡುವ ಕ್ಯಾಲ್ಸಿನರ್‌ಗೆ ಹೊಂದಿಕೊಂಡ ಕೆಳಗಿನ ಹಂತದಲ್ಲಿ ಅದು 850ರಿಂದ 900 ಡಿಗ್ರಿ ಮುಟ್ಟುತ್ತದೆ. ಆದ್ದರಿಂದ ಇಡೀ ಗೋಪುರದ ಒಳಹೊದಿಕೆಗೆ (ಶಾಖ ತಾಳುವ ಇಟ್ಟಿಗೆ ಅಥವಾ ಎರಕದ ಪದರಕ್ಕೆ) ಒಂದೇ ಸರಕನ್ನು ತರಿಸದೆ, ಒಂದೊಂದು ಹಂತದ ಕಷ್ಟವನ್ನೂ ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು.

ಖರೀದಿ ವಿಭಾಗದವರು ಮೊದಲು ಕೇಳುವುದು ಇಟ್ಟಿಗೆಯಲ್ಲಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಶೇಕಡಾ ಎಷ್ಟೆಂದು. ಅದು ಹೆಚ್ಚಿದಷ್ಟೂ ಇಟ್ಟಿಗೆ ಉತ್ತಮ ಎಂಬ ನಂಬಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. 900 ಡಿಗ್ರಿಯನ್ನು ಬೆಂಕಿ ತಾಳುವ ಮಣ್ಣಿನ ಸಾಧಾರಣ ಫೈರ್‌ಕ್ಲೇ ಇಟ್ಟಿಗೆಯೂ ತಾಳಿಕೊಳ್ಳುತ್ತದೆ. ಕೆಳಹಂತಗಳಲ್ಲಿ ಹೊದಿಕೆಯನ್ನು ಕೆಡಿಸುವುದು ಕ್ಷಾರ. ಪುಡಿಯನ್ನು ಸುಡುವ ತಿರುಗುಗೂಡಾದ ಕಿಲ್ನ್‌ನಲ್ಲಿ ಆವಿಯಾಗುವ ಪೊಟ್ಯಾಸಿಯಂ, ಸೋಡಿಯಂ ಲವಣಗಳು ಮೇಲೇರಿ, ತಂಪಾದ ಕಡೆ ಇಟ್ಟಿಗೆಯ ರಂಧ್ರಗಳಲ್ಲಿ ಕೂತು, ಅದರೊಡನೆ ಬೆರೆತು ಹೊಸ ಖನಿಜಗಳಾಗಿ ಉಬ್ಬುವುದರಿಂದ ಇಟ್ಟಿಗೆಯ ಮೈ ಪದರ ಪದರವಾಗಿ ಸಿಡಿಯುತ್ತದೆ. ಅಲ್ಯೂಮಿನಾ ಶೇ. 25ರಿಂದ 30ರಷ್ಟಿದ್ದು ಸಿಲಿಕಾ ಹೆಚ್ಚಿರುವ ದಟ್ಟ ಇಟ್ಟಿಗೆಯಲ್ಲಿ ಅದೇ ಕ್ಷಾರ ಮೇಲ್ಮೈಯಲ್ಲಿ ಗಾಜಿನಂಥ ಪೊರೆ ಕಟ್ಟಿ, ಮುಂದಿನ ದಾಳಿಗೆ ಬಾಗಿಲು ಮುಚ್ಚುತ್ತದೆ. ಮಾರಾಟಗಾರರಿಂದ ತಣ್ಣಗಿದ್ದಾಗ ಇಟ್ಟಿಗೆ ತಾಳುವ ಒತ್ತಡದ ಅಂಕಿಯ ಜೊತೆಗೆ ಕ್ಷಾರ ಪರೀಕ್ಷೆಯ ಫಲಿತಾಂಶವನ್ನೂ ಕೇಳಿ ಪಡೆಯಿರಿ.

ತೈಲ ಶುದ್ಧೀಕರಣದ ಉಳಿಕೆಯಾದ ಪೆಟ್‌ಕೋಕ್ ಇಂಧನ ಗಂಧಕವನ್ನೂ, ಕಸದಿಂದ ತಯಾರಾದ ಇಂಧನ ಕ್ಲೋರಿನ್ನನ್ನೂ ಹೆಚ್ಚಿಸುವುದರಿಂದ, ಇಂಧನ ಬದಲಾದಾಗ ಹೊದಿಕೆಯ ಆಯ್ಕೆಯನ್ನೂ ಮರುಪರಿಶೀಲಿಸಬೇಕು. ಕಿಲ್ನ್‌ನ ಅನಿಲ ಮೇಲೇರುವ ರೈಸರ್ ಡಕ್ಟ್, ಕೆಳ ಸೈಕ್ಲೋನ್‌ನ ಕೋನ್ ಮುಂತಾದ, ಪುಡಿ ಅಂಟಿ ಗಟ್ಟಿಯಾಗುವ ಜಾಗಗಳಿಗೆ ಸಿಲಿಕಾನ್ ಕಾರ್ಬೈಡ್ ಬೆರೆತ ಕ್ಯಾಸ್ಟಬಲ್ (ನೀರಲ್ಲಿ ಕಲಸಿ ಎರೆಯುವ, ಶಾಖ ತಾಳುವ ಗಾರೆ) ಸೂಕ್ತ. ಅಂಟು ಅದರ ಮೇಲೆ ಸುಲಭವಾಗಿ ನಿಲ್ಲುವುದಿಲ್ಲ. ಆದರೆ ಅದು ಶಾಖವನ್ನು ಬೇಗ ದಾಟಿಸುವುದರಿಂದ ಅದರ ಬೆನ್ನಿಗಿರುವ, ಶಾಖ ತಡೆಯುವ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆಯ ದಪ್ಪವನ್ನು ಹೊಸದಾಗಿ ಲೆಕ್ಕ ಹಾಕಬೇಕು. ಮೇಲಿನ ಹಂತಗಳಲ್ಲಿ ಪುಡಿಯ ಉಜ್ಜುವಿಕೆಯೇ ಮುಖ್ಯ. ಅಲ್ಲಿ ದುಬಾರಿ ಸರಕಿಗೆ ಹಣ ಸುರಿಯುವ ಅಗತ್ಯವಿಲ್ಲ.

ಸರಕು ಎಷ್ಟೇ ಒಳ್ಳೆಯದಿದ್ದರೂ ಹೊದಿಕೆಯನ್ನು ಹಿಡಿದಿಡುವ ಲೋಹದ ಕೊಕ್ಕೆಯಾದ ಆಂಕರ್ ಕೈಕೊಟ್ಟರೆ ಛಾವಣಿಯ ಹೊದಿಕೆ ಕಳಚಿ ಬೀಳುತ್ತದೆ. ಬಿಸಿ ಹಂತಗಳಲ್ಲಿ 310 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಆಂಕರ್ ಬಳಸಿ, ಅದು ಹಿಗ್ಗಲು ಎಡೆಯಿರುವಂತೆ ತುದಿಗೆ ಪ್ಲಾಸ್ಟಿಕ್ ಟೋಪಿ ತೊಡಿಸಬೇಕು. ಸಿಮೆಂಟ್ ಅಂಶ ಕಡಿಮೆಯಿರುವ (ಲೋ ಸಿಮೆಂಟ್) ಕ್ಯಾಸ್ಟಬಲ್‌ಗೆ ತಯಾರಕರು ಹೇಳಿದ್ದಕ್ಕಿಂತ ಒಂದು ಚೊಂಬು ನೀರು ಹೆಚ್ಚು ಸುರಿದರೆ ಕೆಲಸ ಸಲೀಸಾಗುತ್ತದೆ, ಬಾಳಿಕೆ ಕುಗ್ಗುತ್ತದೆ. ಮೇಸ್ತ್ರಿಯ ಪಕ್ಕದಲ್ಲಿ ನಿಂತು ಅಳತೆ ನೋಡುವುದೇ ಇದಕ್ಕೆ ಉಪಾಯ. ಒಂದು ದಿನ ಗಟ್ಟಿಯಾಗಲು ಬಿಟ್ಟು, ಒಳಗಿನ ತೇವ ಹಬೆಯಾಗಿ ಸಿಡಿಯದಂತೆ ತಯಾರಕರ ಪಟ್ಟಿಯ ಪ್ರಕಾರ ನಿಧಾನವಾಗಿ ಕಾಯಿಸಬೇಕು. ಉತ್ಪಾದನೆಯ ಅವಸರ ಎಷ್ಟಿದ್ದರೂ ಆ ಗಂಟೆಗಳನ್ನು ಕಡಿತಗೊಳಿಸಬಾರದು. ಕಿಲ್ನ್ ಪೂರ್ಣ ಬಿಸಿಗೆ ಬಂದ ಮೇಲೆ ಥರ್ಮಲ್ ಕ್ಯಾಮೆರಾದಿಂದ ಶೆಲ್‌ನ (ಹೊರಗಿನ ಉಕ್ಕಿನ ಚಿಪ್ಪಿನ) ಚಿತ್ರ ತೆಗೆದಿಟ್ಟರೆ, ಮುಂದಿನ ತಪಾಸಣೆಯಲ್ಲಿ ಹೊಸ ಬಿಸಿ ಚುಕ್ಕೆ ಯಾವುದೆಂದು ಹೋಲಿಸಿ ನೋಡಬಹುದು.