ಆಕಾಶದ ಕೆಳಗೆ ಆರಾಧನೆ: 19ನೇ ಕೀರ್ತನೆಯ ಕ್ರಮದಲ್ಲಿ ರಾತ್ರಿ ಕೂಟ ನಡೆಸುವ ಬಗೆ

ಸೃಷ್ಟಿಯ ಕುರಿತ ಆರಾಧನೆ ಎಂದರೆ ಎಷ್ಟೋ ಸಭೆಗಳಲ್ಲಿ ಪರದೆಯ ಮೇಲೆ ಬೆಟ್ಟ, ಜಲಪಾತದ ಚಿತ್ರ ಹಾಕಿ ಅದರ ಮೇಲೆ ಹಾಡಿನ ಸಾಲು ಓಡಿಸುವುದು. ಚಿತ್ರ ಎಷ್ಟು ಚೆಂದವಿದ್ದರೂ ಅದನ್ನು ನೋಡಿ ಯಾರೂ ಮಾತು ಮರೆಯುವುದಿಲ್ಲ. ಬೆರಗೇ ಹುಟ್ಟದ ಕಡೆ ದೀನತೆಯ ಪ್ರಸಂಗ ಮಾಡಿದರೆ ಅದು ಬುದ್ಧಿವಾದವಾಗಿ ಉಳಿಯುತ್ತದೆ. ಅದಕ್ಕಾಗಿ ಇಲ್ಲಿ ಸಭೆಯನ್ನು ಹೊರಗೆ, ಕತ್ತಲಿಗೆ ಕರೆದೊಯ್ಯುತ್ತೇವೆ.

ಕೂಟದ ಕ್ರಮವನ್ನು ಹೊಸದಾಗಿ ಹೆಣೆಯಬೇಕಿಲ್ಲ. 19ನೇ ಕೀರ್ತನೆಯ 14 ವಚನಗಳಲ್ಲೇ ಅದು ಇದೆ. 1ರಿಂದ 6 ಆಕಾಶ ಮತ್ತು ಸೂರ್ಯ, 7ರಿಂದ 11 ದೇವರ ಧರ್ಮಶಾಸ್ತ್ರ, 12ರಿಂದ 14 ಬೇಡಿಕೆ: ನನಗೇ ಕಾಣದ ತಪ್ಪುಗಳಿಂದ ಶುದ್ಧಮಾಡು, ಬೇಕೆಂದೇ ಮಾಡುವ ಪಾಪದಿಂದ ತಡೆ. ಬಹುತೇಕ ಕಡೆ ಮೊದಲ ಆರು ವಚನ ಓದಿ ಪುಸ್ತಕ ಮುಚ್ಚುತ್ತಾರೆ. ಕೀರ್ತನೆಗಾರ ನಕ್ಷತ್ರದಿಂದ ಹೊರಟು ತನ್ನ ಮರೆಯ ದೋಷದವರೆಗೆ ಬಂದ ದಾರಿ ಅಲ್ಲಿಗೇ ಕಡಿದುಹೋಗುತ್ತದೆ. ಈ ಕೂಟ ಆ ದಾರಿಯನ್ನು ಕೊನೆಯವರೆಗೂ ನಡೆಯುತ್ತದೆ.

ದಿನ ಮತ್ತು ಜಾಗ

ಅಮಾವಾಸ್ಯೆಯ ಹಿಂದುಮುಂದಿನ ನಾಲ್ಕೈದು ದಿನಗಳಲ್ಲಿ ಒಂದನ್ನು ಆರಿಸಿ. ಹುಣ್ಣಿಮೆಯಲ್ಲಿ ಚಂದ್ರನ ಬೆಳಕೇ ಮಂಕು ನಕ್ಷತ್ರಗಳನ್ನೆಲ್ಲ ನುಂಗಿಬಿಡುತ್ತದೆ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದ ಮೇಲಷ್ಟೇ ಪೂರ್ತಿ ಕತ್ತಲು. ಭೂಮಧ್ಯರೇಖೆಯ ಆಸುಪಾಸಿನಲ್ಲಿ ಸೂರ್ಯಾಸ್ತದ ನಂತರ ಸುಮಾರು ಒಂದೂಕಾಲು ಗಂಟೆ ಸಾಕು, ದೂರ ಸರಿದಷ್ಟೂ ಹೆಚ್ಚು ಬೇಕು. ಸಭೆಯ ಪಂಚಾಂಗಕ್ಕೆ ಹೊಂದಿಸಬೇಕೆಂದರೆ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ, ಸೃಷ್ಟಿಗಾಗಿ ಪ್ರಾರ್ಥಿಸಲು ಹಲವು ಸಭೆಗಳು ಮೀಸಲಿಡುವ ‘ಸೃಷ್ಟಿಕಾಲ’ದಲ್ಲಿ ಇಟ್ಟುಕೊಳ್ಳಬಹುದು. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು 1989ರಲ್ಲಿ ಆರ್ಥೊಡಾಕ್ಸ್ ಸಭೆಯ ಪಿತೃಪ್ರಧಾನ ದಿಮಿತ್ರಿಯೋಸ್ ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಕಥೋಲಿಕ ಸಭೆಗೂ ತಂದರು. ಆದರೆ ಆ ತಿಂಗಳು ನಿಮ್ಮಲ್ಲಿ ಮೋಡದ ತಿಂಗಳಾದರೆ ಹಟ ಬೇಡ. ಕೃತ್ತಿಕೆ ಮತ್ತು ಮೃಗಶಿರ ಸಂಜೆಯ ಆಕಾಶದಲ್ಲಿ ಚೆನ್ನಾಗಿ ಕಾಣುವುದು ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ. ಯೋಬನ ಗ್ರಂಥದ 38:31 ಹೆಸರಿಸುವುದು ಇವೆರಡನ್ನೇ. ಓದಿದ್ದನ್ನು ಅಲ್ಲೇ ತಲೆಯೆತ್ತಿ ನೋಡಬಹುದಾದರೆ ಇನ್ನೇನು ಬೇಕು?

ಜಾಗವನ್ನು ಹಗಲಲ್ಲಿ ಒಮ್ಮೆ, ರಾತ್ರಿಯಲ್ಲಿ ಒಮ್ಮೆ ನೋಡಿಬನ್ನಿ. ಹಗಲಲ್ಲಿ ಹಳ್ಳ, ಮುಳ್ಳು, ಕಲ್ಲು ಗೊತ್ತಾಗುತ್ತವೆ. ದೂರದ ಬೀದಿದೀಪ ನೇರ ಕಣ್ಣಿಗೆ ಹೊಡೆಯುವುದು ಗೊತ್ತಾಗುವುದು ರಾತ್ರಿಯೇ. ನಿಂತು ತಲೆಯೆತ್ತಿದರೆ ಐದು ನಿಮಿಷಕ್ಕೆ ಕುತ್ತಿಗೆ ನೋಯುತ್ತದೆ, ಜನ ಪಿಸುಗುಡಲು ಶುರುಮಾಡುತ್ತಾರೆ. ಹಾಗಾಗಿ ಮಲಗಿಕೊಳ್ಳಲು ಚಾಪೆ ಬೇಕು. ಇಬ್ಬನಿ ಬೀಳುವ ಕಾಲದಲ್ಲಿ ಅದರ ಕೆಳಗೆ ಟಾರ್ಪಾಲಿನ್ ಹಾಸಿ. ವಯಸ್ಸಾದವರಿಗೆ ಹಿಂದಕ್ಕೆ ಒರಗುವ ಕುರ್ಚಿ ಇರಲಿ. ನಡೆದಾಡುವ ದಾರಿಯ ಎರಡೂ ಬದಿಗೆ ಬಿಳಿ ಬಟ್ಟೆಯ ಪಟ್ಟಿ ಹಾಸಿದರೆ ದೀಪವಿಲ್ಲದೆಯೂ ಕಾಣುತ್ತದೆ.

ಬೆಳಕಿನ ಶಿಸ್ತು

ಕೂಟ ಕೆಡುವುದು ಹೆಚ್ಚಾಗಿ ಇಲ್ಲೇ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಬ್ಬರು ಮೊಬೈಲ್ ತೆರೆದರೆ ಅಕ್ಕಪಕ್ಕದವರದೂ ಸೇರಿ ಅಷ್ಟೂ ಹೊತ್ತಿನ ಹೊಂದಾಣಿಕೆ ಹಾಳು. ಫೋನುಗಳನ್ನು ಪೂರ್ತಿ ಆಫ್ ಮಾಡಿಸಿ, ಸೈಲೆಂಟ್ ಸಾಲದು. ಇಡೀ ಕೂಟಕ್ಕೆ ಎರಡೇ ಟಾರ್ಚ್: ಒಂದು ಓದುವವರ ಬಳಿ, ಇನ್ನೊಂದು ತುರ್ತಿಗಾಗಿ ಅಂಚಿನಲ್ಲಿ ನಿಂತವರ ಬಳಿ. ಎರಡರ ಗಾಜಿಗೂ ಕೆಂಪು ಸೆಲ್ಲೋಫೇನ್ ಹಾಳೆಯನ್ನು ಎರಡು ಮೂರು ಪದರ ಕಟ್ಟಿ. ಮಂದ ಬೆಳಕಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಅಷ್ಟಾಗಿ ತಾಗದು. ಓದುವ ಹಾಳೆ ಕಪ್ಪು ಅಕ್ಷರದ್ದೇ ಆಗಿರಲಿ, ಕನಿಷ್ಠ 18 ಪಾಯಿಂಟ್. ಕೆಂಪು ಶಾಯಿಯಲ್ಲಿ ಅಚ್ಚಾದ ಸಾಲು ಕೆಂಪು ಬೆಳಕಲ್ಲಿ ಕಾಣುವುದೇ ಇಲ್ಲ. ಯೇಸುವಿನ ಮಾತು ಕೆಂಪಕ್ಷರದಲ್ಲಿರುವ ಸತ್ಯವೇದ ತಂದವರು ಪರದಾಡುವುದು ಇದರಿಂದಲೇ.

ಸಭೆಯವರ ಕೈಗೆ ಹಾಳೆ ಕೊಡಬೇಡಿ. ಅವರು ಹೇಳುವುದೆಲ್ಲ ಬಾಯಿಪಾಠವಾಗಿ ಬರುವಷ್ಟು ಚಿಕ್ಕದಿರಲಿ. ಹಾಡು ಎರಡೇ, ಎಲ್ಲರಿಗೂ ಗೊತ್ತಿರುವಂಥವು, ಮೈಕ್ ಇಲ್ಲದೆ. ನಕ್ಷತ್ರ ತೋರಿಸಲು ಲೇಸರ್ ಬಳಸುವ ಆಸೆಯನ್ನೂ ಬಿಡಿ. ಅದು ಕಣ್ಣಿಗೆ ಅಪಾಯ, ವಿಮಾನ ಹಾರಿಸುವವರಿಗೆ ಇನ್ನೂ ಅಪಾಯ. ಕೈಚಾಚಿ ತೋರಿಸಿದರೆ ಸಾಕು.

ಕೂಟದ ಕ್ರಮ: ಸುಮಾರು 65 ನಿಮಿಷ

ಕತ್ತಲಾಗುವ ಹೊತ್ತಿಗೆ ಸೇರಿ, ಸೂಚನೆ ಕೊಟ್ಟು, ಒಂದು ಹಾಡು ಹಾಡಿ. ಇದಕ್ಕೆ 10 ನಿಮಿಷ. ನಂತರ 15 ನಿಮಿಷ ಮೌನ. ಹಿನ್ನೆಲೆ ಸಂಗೀತ ಬೇಡ, ನಡುನಡುವೆ ಪ್ರಾರ್ಥನೆಯೂ ಬೇಡ. ಐದನೇ ನಿಮಿಷಕ್ಕೆ ಕೆಮ್ಮು, ಚಡಪಡಿಕೆ ಶುರುವಾಗುತ್ತದೆ. ನಡೆಸುವವರು ಗಾಬರಿಯಾಗಿ ಏನಾದರೂ ಹೇಳಿ ಅದನ್ನು ತುಂಬಿಸಲು ಹೊರಟರೆ ಕೂಟ ಅಲ್ಲಿಗೇ ಮುಗಿಯಿತು. ತಡೆದುಕೊಳ್ಳಿ. ಕಣ್ಣು ಹೊಂದಿಕೊಂಡಂತೆ ಮೊದಲು ಖಾಲಿ ಇದ್ದ ಕಡೆಯಲ್ಲೆಲ್ಲ ನಕ್ಷತ್ರ ಮೂಡುತ್ತಾ ಹೋಗುತ್ತದೆ, ಜನ ತಾವಾಗಿಯೇ ಸುಮ್ಮನಾಗುತ್ತಾರೆ.

ಆಮೇಲೆ ಕೀರ್ತನೆ 19:1–6 ಓದಿಸಿ, ಮೂರೇ ಮೂರು ಸಂಗತಿ ಹೇಳಿ. ಸಂಜೆ ಮುಳುಗಿದ ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷ 20 ಸೆಕೆಂಡು ಸಾಕು. ಕೃತ್ತಿಕೆಯಿಂದ ಈಗ ಕಾಣುತ್ತಿರುವ ಬೆಳಕು ಹೊರಟು ಸುಮಾರು 440 ವರ್ಷವಾಯಿತು. ಮಬ್ಬು ಕಲೆಯಂತೆ ಕಾಣುವ ಆಂಡ್ರೊಮಿಡಾ ಗೆಲಾಕ್ಸಿಯ (ಅಸಂಖ್ಯ ನಕ್ಷತ್ರಗಳ ದೂರದ ಸಮೂಹದ) ಬೆಳಕು ಹೊರಟದ್ದು ಸುಮಾರು 25 ಲಕ್ಷ ವರ್ಷಗಳ ಹಿಂದೆ. ಬರಿಗಣ್ಣಿಗೆ ಕಾಣುವ ಅತಿ ದೂರದ ವಸ್ತುಗಳಲ್ಲಿ ಅದೂ ಒಂದು. ನಾಲ್ಕನೆಯ ಅಂಕಿ ಬಂದರೆ ಆರಾಧನೆ ವಿಜ್ಞಾನದ ಪಾಠವಾಗುತ್ತದೆ. ಲೋಕದ ವಯಸ್ಸು, ಸೃಷ್ಟಿಯ ಆರು ದಿನ ಎಂದು ಯಾರಾದರೂ ವಾದ ತೆಗೆದರೆ, ಅದಕ್ಕೆ ಬೇರೊಂದು ದಿನ ಕೂರೋಣ ಎಂದು ಮೆಲ್ಲಗೆ ಬದಿಗಿಡಿ.

ಮುಂದೆ ಯೋಬ 38: ವಚನ 4–7, 25–27, 31–33. ಇವು ದೇವರು ಯೋಬನಿಗೆ ಹಾಕುವ ಪ್ರಶ್ನೆಗಳು. ಒಂದೊಂದು ಪ್ರಶ್ನೆಯ ನಂತರ ಐದಾರು ಸೆಕೆಂಡು ನಿಲ್ಲಿಸಿ ಓದಲಿ. ಗದರಿಸುವ ದನಿ ಬೇಡ. ಓದುವವರಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲವಾದರೆ ಗುಡುಗಿಯೇ ತೀರುತ್ತಾರೆ. 26ನೇ ವಚನದ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲಿ. ಮನುಷ್ಯರೇ ಇಲ್ಲದ ಕಾಡುನೆಲಕ್ಕೂ ದೇವರು ಮಳೆ ಸುರಿಸುತ್ತಾನೆ ಎನ್ನುತ್ತದೆ ಅದು. ಆ ಮಳೆಯಿಂದ ಯಾರ ಹೊಲವೂ ಬೆಳೆಯುವುದಿಲ್ಲ, ಯಾರ ಕೊಡವೂ ತುಂಬುವುದಿಲ್ಲ. ಲೋಕವಿರುವುದು ನನ್ನ ಉಪಯೋಗಕ್ಕೆ ಎಂಬ ಎಣಿಕೆಯನ್ನು ಕದಲಿಸಲು ನಕ್ಷತ್ರದ ದೂರಕ್ಕಿಂತ ಈ ಮಳೆಯೇ ಹೆಚ್ಚು ಸಮರ್ಥ.

ಬಳಿಕ ಕೀರ್ತನೆ 19:7–11 ಮತ್ತು ಕೊಲೊಸ್ಸೆಯವರಿಗೆ 1:15–17 ಓದಿ ಪುಟ್ಟ ಪ್ರಸಂಗ, ಹೆಚ್ಚೆಂದರೆ 7 ನಿಮಿಷ. ಸಮಸ್ತವೂ ಕ್ರಿಸ್ತನ ಮೂಲಕ, ಕ್ರಿಸ್ತನಿಗಾಗಿ ಉಂಟಾಯಿತು ಎಂಬ ಮಾತು ಇಲ್ಲಿ ಬಾರದೆ ಹೋದರೆ, ಅಷ್ಟು ಹೊತ್ತಿನ ಬೆರಗು ನಕ್ಷತ್ರಗಳ ಬಳಿಯೇ ನಿಂತುಬಿಡುತ್ತದೆ. ಸೂರ್ಯ, ಚಂದ್ರ, ನಕ್ಷತ್ರಗಳಿಗೆ ಅಡ್ಡಬೀಳಬೇಡಿರಿ ಎಂದು ಧರ್ಮೋಪದೇಶಕಾಂಡ 4:19 ಎಚ್ಚರಿಸಿದ್ದು ಅವು ಅಷ್ಟು ಸೊಗಸಾಗಿರುವುದರಿಂದಲೇ ಇರಬೇಕು.

ಪಾಪ ಅರಿಕೆಗೆ 5 ನಿಮಿಷ. ಕೀರ್ತನೆ 19:12–14 ಓದಿದ ಮೇಲೆ ನಡೆಸುವವರು ಒಂದೊಂದು ಸಾಲು ಹೇಳಲಿ, ಸಭೆ ‘ಕರ್ತನೇ, ಕ್ಷಮಿಸು’ ಎನ್ನಲಿ. ಸಾಲುಗಳು ಹೀಗಿರಬಹುದು:

ನೀನು ಕೊಟ್ಟದ್ದನ್ನು ನಾನು ಗಳಿಸಿದ್ದೆಂದುಕೊಂಡೆ.
ನನಗೆ ಗೊತ್ತಿಲ್ಲ ಎಂದು ಒಪ್ಪಲು ನಾಚಿದೆ.
ನನಗಿಂತ ಚಿಕ್ಕವರೆಂದು ಎಣಿಸಿದವರ ಮಾತನ್ನು ಕೇಳದೆ ಹೋದೆ.
ನಿನ್ನ ನೀರನ್ನೂ ಮಣ್ಣನ್ನೂ ಲೆಕ್ಕವಿಲ್ಲದೆ ಕೆಡಿಸಿದೆ.

‘ನಾನು ಧೂಳು, ನಾನು ಶೂನ್ಯ’ ಎಂಬಂಥ ಸಾಲು ಸೇರಿಸಬೇಡಿ. ಕೇಳಲು ದೀನವಾಗಿದ್ದರೂ ಅದರಲ್ಲಿ ಯಾವ ತಪ್ಪಿನ ಅರಿಕೆಯೂ ಇಲ್ಲ. ಕೀರ್ತನೆ 8 ‘ಮನುಷ್ಯನು ಎಷ್ಟರವನು’ ಎಂದು ಕೇಳಿ ಮರುವಚನದಲ್ಲೇ ದೇವರು ಅವನಿಗೆ ಮಾನದ ಕಿರೀಟ ತೊಡಿಸಿದ್ದನ್ನು ಹೇಳುತ್ತದೆ. ಮನೆಯಲ್ಲೋ ಕೆಲಸದಲ್ಲೋ ದಿನವೂ ತುಳಿಸಿಕೊಂಡವರು ಸಭೆಯಲ್ಲಿರುತ್ತಾರೆ. ಅಂಥವರಿಗೆ ನೀನು ಇನ್ನೂ ಚಿಕ್ಕವನೆಂದು ಆಕಾಶ ತೋರಿಸಿ ಹೇಳುವುದು ಕ್ರೂರತನ. ಅವರು ಕೇಳಬೇಕಾದದ್ದು ಯೆಶಾಯ 40:26: ಒಂದೊಂದು ನಕ್ಷತ್ರವನ್ನೂ ಹೆಸರೆತ್ತಿ ಕರೆಯುವವನು. 29ನೇ ವಚನದ ಪ್ರಕಾರ ಸೋತವನಿಗೆ ಬಲ ಕೊಡುವವನೂ ಆತನೇ. ಇದನ್ನೇ ಕೊನೆಯ ಆಶೀರ್ವಾದವಾಗಿ ಇಟ್ಟುಕೊಳ್ಳಿ.

ಅದಕ್ಕೂ ಮೊದಲು, ಕ್ರಿಸ್ತನು ದಾಸನಾಗಿ ತನ್ನನ್ನು ತಗ್ಗಿಸಿಕೊಂಡದ್ದನ್ನು ಹೇಳುವ ಫಿಲಿಪ್ಪಿಯವರಿಗೆ 2:6–8 ಓದಿ, 148ನೇ ಕೀರ್ತನೆಯನ್ನು ಪ್ರತಿವಾಕ್ಯವಾಗಿ ಹೇಳಿಸಿ. ಸಭೆಯ ಪಾಲು ‘ಆತನನ್ನು ಸ್ತುತಿಸಿರಿ’ ಎಂಬುದಷ್ಟೇ. ಆ ಕೀರ್ತನೆಯಲ್ಲಿ ದೂತರು, ಸೂರ್ಯ, ಸಮುದ್ರ, ಬೆಟ್ಟ, ಹುಳಹಕ್ಕಿ ಎಲ್ಲ ಆದ ಮೇಲೆ 11ನೇ ವಚನದಲ್ಲಿ ಅರಸರು, 12ರಲ್ಲಿ ಮುದುಕರು ಮಕ್ಕಳು ಬರುತ್ತಾರೆ. ಮಕ್ಕಳ ಸಾಲನ್ನು ಮಕ್ಕಳೇ ಹೇಳಲಿ.

ಮುಗಿದ ಮೇಲೆ ಚಾಪೆ ಮಡಚುವುದು, ಕಸ ಆರಿಸುವುದು ಯುವಕರ ಪಾಲಿಗೆ ಬೀಳುವುದು ರೂಢಿ. ಈ ಸಲ ಸಭಾಪಾಲಕರಿಗೂ ಹಿರಿಯರಿಗೂ ಮೊದಲೇ ಹೇಳಿ, ಅವರೇ ಮಾಡಲಿ. ಫಿಲಿಪ್ಪಿ 2 ಓದಿ ಹತ್ತು ನಿಮಿಷವೂ ಆಗಿರುವುದಿಲ್ಲ.

ಮೋಡ ಕವಿದರೆ

ಕೂಟ ರದ್ದು ಮಾಡಬೇಡಿ, ಒಳಗೆ ನಡೆಸಿ. ಆಕಾಶದ ಬದಲು ಒಂದು ಎಲೆ, ಪಾಚಿಯ ತುಣುಕು, ಒಂದು ಚಮಚ ಮಣ್ಣು, ಜತೆಗೆ 10 ಪಟ್ಟು ಹಿಗ್ಗಿಸುವ ಕೈಮಸೂರ. ನಾಲ್ವರಿಗೆ ಒಂದು ಮಸೂರ ಸಾಕು. ಅದನ್ನು ಹಿಡಿಯುವ ಬಗೆ ತೋರಿಸಿಕೊಡಬೇಕು, ಏಕೆಂದರೆ ಬಹುತೇಕರು ವಸ್ತುವಿನ ಹತ್ತಿರ ಹಿಡಿದು ದೂರದಿಂದ ನೋಡಿ ಏನೂ ಕಾಣುವುದಿಲ್ಲ ಎನ್ನುತ್ತಾರೆ. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ತಂದು, ಎಲೆಯನ್ನು ಮಸೂರದಿಂದ ಸುಮಾರು ಎರಡೂವರೆ ಸೆಂಟಿಮೀಟರ್ ದೂರದವರೆಗೆ ಮೆಲ್ಲಗೆ ಮೇಲೆತ್ತಬೇಕು. ಬೆಳಕು ಎಲೆಯ ಮೇಲೆ ಬೀಳುವಂತೆ, ದೀಪ ಪಕ್ಕಕ್ಕೆ ಬರುವ ಹಾಗೆ ಕೂರಿಸಿ. ಮೌನದ 15 ನಿಮಿಷವನ್ನು 10ಕ್ಕೆ ಇಳಿಸಿ. ಕೈಯಲ್ಲಿ ವಸ್ತು ಇರುವಾಗ ಮಾತು ಬೇಗ ಶುರುವಾಗುತ್ತದೆ. ಯೋಬ 38ರ ನಕ್ಷತ್ರದ ವಚನಗಳ ಬದಲು 104ನೇ ಕೀರ್ತನೆಯ 10–24 ಓದಿ. ಉಳಿದ ಕ್ರಮ ಬದಲಾಗಬೇಕಿಲ್ಲ. ಒಳಗೋ ಹೊರಗೋ ಎಂಬುದನ್ನು ಅಂದು ಮಧ್ಯಾಹ್ನವೇ ತೀರ್ಮಾನಿಸಿ ಎಲ್ಲರಿಗೂ ತಿಳಿಸಿಬಿಡಿ. ಮಸೂರ, ಎಲೆ, ಮಣ್ಣು ಮಾತ್ರ ಎರಡೂ ಸಂದರ್ಭಕ್ಕೂ ಸಿದ್ಧವಿರಲಿ.