ಮನೆಯಲ್ಲೇ ಹಿಂಸೆಯಾದರೆ ಯಾರ ಹತ್ತಿರ ಹೋಗಬೇಕು, ಏನು ಕೇಳಬೇಕು?

ಮನೆಯೊಳಗೆ ಹೊಡೆತ ತಿನ್ನುವ ಹೆಂಗಸಿಗೆ ಸಿಗುವ ಮೊದಲ ಬುದ್ಧಿಮಾತು ‘ಹೊಂದ್ಕೊಂಡು ಹೋಗಮ್ಮ’. ಎರಡನೆಯದು ‘ಕಂಪ್ಲೇಂಟ್ ಕೊಡು, ಒಳಗೆ ಹಾಕಿಸು’. ತುಂಬಾ ಜನಕ್ಕೆ ಎರಡೂ ಬೇಡ. ಗಂಡ ಜೈಲಿಗೆ ಹೋಗುವುದು ಬೇಡ, ಡೈವೋರ್ಸೂ ಸದ್ಯಕ್ಕೆ ಬೇಡ. ಹೊಡೆತ ನಿಲ್ಲಬೇಕು, ಮಕ್ಕಳನ್ನು ಕಟ್ಟಿಕೊಂಡು ಅದೇ ಮನೆಯಲ್ಲಿ ನೆಮ್ಮದಿಯಾಗಿ ಇರುವಂತಾಗಬೇಕು, ಅಷ್ಟೇ.

ಹೀಗೆ ಕೇಳುವುದಕ್ಕೆಂದೇ ಒಂದು ಕಾನೂನು ಇದೆ. ಹೆಸರು ಉದ್ದ: ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಕೋರ್ಟಿನ ಕಡೆ ಎಲ್ಲರೂ ‘ಡಿ.ವಿ. ಆ್ಯಕ್ಟ್’ ಅಂತಾರೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದು ಹೆಂಡತಿಗೆ ಮಾತ್ರ ಅಲ್ಲ. ಮಗನಿಂದ ಏಟು ತಿನ್ನುವ ತಾಯಿ, ಅಣ್ಣ ಮನೆಯಿಂದ ಹೊರಹಾಕಿದ ತಂಗಿ, ಗಂಡ ಸತ್ತ ಮೇಲೆ ಅತ್ತೆ ಮನೆಯಲ್ಲಿ ಜಾಗವಿಲ್ಲದಾದ ಸೊಸೆ, ಮದುವೆಯಾಗದೆ ಗಂಡ ಹೆಂಡಿರಂತೆ ಬಾಳುತ್ತಿರುವವರು ಎಲ್ಲರೂ ಈ ಕಾನೂನಿನಡಿ ಬರುತ್ತಾರೆ. ಹಿಂಸೆ ಎಂದರೆ ಹೊಡೆತ ಮಾತ್ರವೂ ಅಲ್ಲ. ಬಲವಂತದ ಲೈಂಗಿಕ ಸಂಬಂಧ, ದಿನಾ ಬೈಗುಳ, ‘ಗಂಡು ಹೆರಲಿಲ್ಲ’ ಎಂಬ ಮೂದಲಿಕೆ, ಮನೆ ಖರ್ಚಿಗೆ ದುಡ್ಡು ಕೊಡದಿರುವುದು, ಸಂಬಳದ ಎಟಿಎಂ ಕಾರ್ಡ್ ಕಿತ್ತಿಟ್ಟುಕೊಳ್ಳುವುದು, ಕೇಳದೆ ಒಡವೆ ಮಾರುವುದು ಎಲ್ಲವೂ ಇದರಲ್ಲಿ ಸೇರುತ್ತವೆ.

ಮೊದಲು ಜೀವ, ಆಮೇಲೆ ಕಾಗದ

ಈ ಗಳಿಗೆಯಲ್ಲೇ ಅಪಾಯವಿದ್ದರೆ 112ಕ್ಕೆ ಫೋನ್ ಮಾಡಿ. ಏನು ಮಾಡಬೇಕೆಂದು ಕೇಳುವುದಿದ್ದರೆ, ಉಳಿಯಲು ಜಾಗ ಬೇಕಿದ್ದರೆ ಮಹಿಳಾ ಸಹಾಯವಾಣಿ 181. ಮಕ್ಕಳ ಮೇಲೆ ಕೈ ಮಾಡುತ್ತಿದ್ದರೆ 1098.

ಮನೆ ಬಿಟ್ಟು ಹೊರಡಲೇಬೇಕಾದರೆ ‘ಸಖಿ’ ಒನ್ ಸ್ಟಾಪ್ ಸೆಂಟರ್ ನೆನಪಿರಲಿ. ಜಿಲ್ಲಾ ಮಟ್ಟದ ಈ ಕೇಂದ್ರಗಳು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿ ಅಥವಾ ಅದರ ಹತ್ತಿರ ಇರುತ್ತವೆ. ಚಿಕಿತ್ಸೆ, ಆಪ್ತಸಮಾಲೋಚನೆ, ವಕೀಲರ ಸಲಹೆ, ಪೊಲೀಸ್ ನೆರವು ಒಂದೇ ಕಡೆ ಸಿಗುತ್ತದೆ, ಐದು ದಿನದವರೆಗೆ ಉಳಿಯಲೂಬಹುದು. ಅದಕ್ಕೂ ಹೆಚ್ಚು ದಿನ ಬೇಕಾದರೆ ಅವರೇ ಬೇರೆ ವಸತಿ ಕೇಂದ್ರಕ್ಕೆ ಕಳಿಸುತ್ತಾರೆ. ಕರ್ನಾಟಕದಲ್ಲಿ ಇದಕ್ಕೂ ಮೊದಲಿನಿಂದ ‘ಸಾಂತ್ವನ’ ಕೇಂದ್ರಗಳೂ ಇವೆ.

ಹೊರಡುವಾಗ ಕೈಗೆ ಸಿಕ್ಕಷ್ಟು ತಗೊಳ್ಳಿ: ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಒಂದು ಮದುವೆ ಫೋಟೊ, ದಿನಾ ನುಂಗುವ ಮಾತ್ರೆ. ಸಿಗಲಿಲ್ಲವೆಂದು ತಡಮಾಡಬೇಡಿ. ಕಾಗದಪತ್ರ, ಸ್ತ್ರೀಧನ ವಾಪಸ್ ಕೊಡಿಸಿ ಎಂದು ಆಮೇಲೆ ಕೋರ್ಟಿಗೇ ಕೇಳಬಹುದು. ಫೋನನ್ನು ಮಾತ್ರ ಒಮ್ಮೆ ನೋಡಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದರೆ ನಿಮ್ಮ ಮೆಸೇಜು ಇನ್ನೊಂದು ಕಂಪ್ಯೂಟರಿನಲ್ಲಿ ಕಾಣುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ಲೊಕೇಶನ್ ಶೇರಿಂಗ್ ಆನ್ ಆಗಿದ್ದರೆ ಆಫ್ ಮಾಡಿ.

ಡಾಕ್ಟರ ಮುಂದೆ ನಿಜ ಹೇಳಿ

‘ಬಚ್ಚಲಲ್ಲಿ ಜಾರಿ ಬಿದ್ದೆ.’ ಎಷ್ಟೋ ಕೇಸು ಹಾಳಾಗುವುದು ಈ ಒಂದು ಮಾತಿನಿಂದ. ಪಕ್ಕದಲ್ಲಿ ಅತ್ತೆಯೋ ಗಂಡನೋ ನಿಂತಿರುತ್ತಾರೆ, ನಾಚಿಕೆ ಬೇರೆ, ಬಾಯಿಗೆ ಅದೇ ಬರುತ್ತದೆ. ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ಎರಡು ವರ್ಷ ಆದಮೇಲೆ ಎದುರು ವಕೀಲರು ಆ ಸಾಲನ್ನೇ ಓದಿ ಹೇಳುತ್ತಾರೆ. ಜೊತೆಗಿರುವವರನ್ನು ಹೊರಗೆ ಕಳಿಸಿ ಎಂದು ನರ್ಸ್ ಹತ್ತಿರ ಮೆಲ್ಲಗೆ ಹೇಳಿ. ಯಾರು ಹೊಡೆದರು, ಯಾವುದರಿಂದ, ಯಾವಾಗ ಎಂಬುದನ್ನು ಚೀಟಿಯಲ್ಲಿ ಬರೆಸಿ. ಎಂಎಲ್‌ಸಿ ಮಾಡಿ ಎಂದು ಕೇಳಿ, ಅಂದರೆ ಪೊಲೀಸ್ ಕೇಸಿಗೆ ಬೇಕಾಗಬಹುದಾದ ಗಾಯದ ದಾಖಲೆ. ಮೊದಲು ದೂರು ಕೊಟ್ಟು ಬನ್ನಿ, ಆಮೇಲೆ ಚಿಕಿತ್ಸೆ ಎಂದು ಸರ್ಕಾರಿ ಆಸ್ಪತ್ರೆಯವರು ಕಳಿಸುವಂತಿಲ್ಲ.

ಸಿಡಿಪಿಒ ಆಫೀಸು: ಜಾಸ್ತಿ ಜನಕ್ಕೆ ಗೊತ್ತಿಲ್ಲದ ಬಾಗಿಲು

ಡಿ.ವಿ. ಆ್ಯಕ್ಟ್ ಅಡಿ ಸಂರಕ್ಷಣಾಧಿಕಾರಿ ಎಂಬ ಹುದ್ದೆ ಇದೆ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಒಗೆ ಈ ಕೆಲಸ ವಹಿಸಿದ್ದಾರೆ. ಆಫೀಸು ಎಲ್ಲಿದೆ ಎಂದು ನಿಮ್ಮ ಅಂಗನವಾಡಿ ಟೀಚರನ್ನು ಕೇಳಿದರೆ ಹೇಳುತ್ತಾರೆ. ನೀವು ಹೇಳಿದ್ದನ್ನು ಅವರು ‘ಕೌಟುಂಬಿಕ ಘಟನಾ ವರದಿ’ ಎಂಬ ನಮೂನೆಯಲ್ಲಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅದರ ಪ್ರತಿ ಠಾಣೆಗೂ ಹೋಗುತ್ತದೆ. ಕೋರ್ಟಿಗೆ ಹಾಕುವ ಅರ್ಜಿ ತುಂಬಲೂ ನೆರವಾಗಬೇಕು. ಈ ಕಚೇರಿಗಳಲ್ಲಿ ಕೆಲಸ ಹತ್ತಾರು, ಆದ್ದರಿಂದ ಒಂದೇ ದಿನಕ್ಕೆ ಆಗದಿರಬಹುದು. ಬರೆದುಕೊಟ್ಟ ಕಾಗದಕ್ಕೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡೇ ಬನ್ನಿ.

ಈ ವರದಿ ಇಲ್ಲದೆಯೂ ನೇರವಾಗಿ ಕೋರ್ಟಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇನ್ನೊಂದು ವಿಷಯ: ಮಾಹಿತಿ ಕೊಡುವವರು ನೀವೇ ಆಗಬೇಕಿಲ್ಲ. ಪಕ್ಕದ ಮನೆಯವರು, ಶಾಲೆಯ ಮೇಡಂ, ಯಾರಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ‘ಅವರ ಮನೆ ವಿಷಯ ನಮಗ್ಯಾಕೆ’ ಎನ್ನುವವರಿಗೆ ಇದನ್ನು ತಿಳಿಸಬೇಕು.

ದೂರು ಬರೆಯುವ ಬಗೆ

ಠಾಣೆ ಎದುರಿನ ಅಂಗಡಿಯಲ್ಲಿ ಟೈಪ್ ಮಾಡಿಸಿದ ದೂರುಗಳಲ್ಲಿ ಒಂದೇ ಸಾಲು ಇರುತ್ತದೆ: ‘ನನಗೆ ದೈಹಿಕ ಹಾಗೂ ಮಾನಸಿಕ ಕಿರುಕುಳ ನೀಡುತ್ತಿದ್ದಾರೆ.’ ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ: ‘ಯುಗಾದಿ ಮರುದಿನ ರಾತ್ರಿ ಎಂಟರ ಸುಮಾರಿಗೆ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಸ್ಟೀಲ್ ತಟ್ಟೆ ಎಸೆದರು. ಎಡಹುಬ್ಬಿಗೆ ತಗಲಿ ರಕ್ತ ಬಂತು. ಮಗಳು ಅಲ್ಲೇ ಇದ್ದಳು. ಕೂಗು ಕೇಳಿ ಮೇಲಿನ ಮನೆಯವರು ಬಂದು ಬಿಡಿಸಿದರು.’ ಯಾವಾಗ, ಎಲ್ಲಿ, ಏನಾಯಿತು, ಯಾರು ನೋಡಿದರು ಎಲ್ಲವೂ ಇದರಲ್ಲಿದೆ. ತಾರೀಕು ನೆನಪಿಲ್ಲದಿದ್ದರೆ ಹಬ್ಬವನ್ನೋ ಮಗುವಿನ ಪರೀಕ್ಷೆಯನ್ನೋ ಗುರುತಿಗೆ ಇಟ್ಟುಕೊಳ್ಳಿ. ಆಗದೇ ಇದ್ದದ್ದನ್ನು ಕೇಸು ಗಟ್ಟಿಯಾಗಲಿ ಎಂದು ಸೇರಿಸಬೇಡಿ. ಊರಲ್ಲಿಲ್ಲದ ನಾದಿನಿಯ ಹೆಸರನ್ನೂ ಸೇರಿಸಿದರೆ ನಿಜವಾದ ಏಟಿನ ಮೇಲೂ ಅನುಮಾನ ಬರುತ್ತದೆ.

ಬೆದರಿಕೆಯ ಆಡಿಯೊ, ಮೆಸೇಜು ಇದ್ದರೆ ಅಳಿಸಬೇಡಿ. ಮೂಲ ಫೋನನ್ನೇ ಜೋಪಾನ ಮಾಡಿ. ಬರೀ ಸ್ಕ್ರೀನ್‌ಶಾಟ್ ನಂಬಿಕೊಂಡರೆ ಕಷ್ಟ.

ಕೋರ್ಟಿಗೆ ಏನೇನು ಕೇಳಬಹುದು?

ಅರ್ಜಿಯನ್ನು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹಾಕುವುದು. ಗಂಡನ ಊರಿನಲ್ಲೇ ಹಾಕಬೇಕಿಲ್ಲ. ನೀವು ಈಗ ತಾತ್ಕಾಲಿಕವಾಗಿ ತವರಿನಲ್ಲಿದ್ದರೆ ಅಲ್ಲಿ, ಇಲ್ಲವೇ ಕೆಲಸ ಮಾಡುವ ಊರಿನಲ್ಲೂ ಹಾಕಬಹುದು.

ಹೊಡೆಯಬಾರದು, ಕೆಲಸದ ಜಾಗಕ್ಕೆ ಬರಬಾರದು, ಫೋನ್ ಮಾಡಿ ಕಾಡಬಾರದು ಎಂಬ ರಕ್ಷಣಾ ಆದೇಶ ಕೇಳಬಹುದು. ಖರ್ಚಿಗೆ ಮತ್ತು ಮಕ್ಕಳಿಗೆ ಜೀವನಾಂಶ, ಆಸ್ಪತ್ರೆ ವೆಚ್ಚ, ಪರಿಹಾರ, ಮಕ್ಕಳನ್ನು ತಾತ್ಕಾಲಿಕವಾಗಿ ನಿಮ್ಮ ಹತ್ತಿರ ಇಟ್ಟುಕೊಳ್ಳುವುದು ಕೂಡ ಕೇಳಬಹುದು. ನನ್ನ ಮಟ್ಟಿಗೆ ಇದರಲ್ಲಿ ದೊಡ್ಡದು ವಾಸದ ಹಕ್ಕು. ‘ಮನೆ ನಮ್ಮಪ್ಪನ ಹೆಸರಲ್ಲಿದೆ, ನಡಿ ಆಚೆ’ ಎನ್ನುವ ಮಾತಿಗೆ ಹೆದರಿ ಎಷ್ಟು ಜನ ಸುಮ್ನೆ ಬಾಯಿ ಮುಚ್ಚಿಕೊಂಡಿದ್ದಾರೆ! ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಸಂಸಾರ ಮಾಡಿದ ಮನೆಯಲ್ಲಿ ವಾಸಕ್ಕೆ ಹೆಣ್ಣುಮಗಳು ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಇದು ಆಸ್ತಿಯಲ್ಲಿ ಪಾಲು ಅಲ್ಲ, ಇರುವ ಹಕ್ಕು. ಅಗತ್ಯ ಕಂಡರೆ ಹೊಡೆಯುವವನನ್ನೇ ಮನೆಯಿಂದ ಹೊರಗಿರಿಸಲು, ಇಲ್ಲವೇ ನಿಮಗೆ ಬೇರೆ ಮನೆ ಮಾಡಿ ಬಾಡಿಗೆ ಕಟ್ಟಲು ಕೋರ್ಟ್ ಹೇಳಬಹುದು.

ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಇತ್ಯರ್ಥಕ್ಕೆ ಪ್ರಯತ್ನ ಎಂದು ಕಾನೂನು ಹೇಳುತ್ತದೆ. ವಾಸ್ತವದಲ್ಲಿ ಜಾಸ್ತಿ ದಿನ ಎಳೆಯುತ್ತದೆ. ಅದಕ್ಕೇ ಮೊದಲ ದಿನವೇ ಮಧ್ಯಂತರ ಆದೇಶ ಕೇಳಿ. ಅಪಾಯ ಇದೆ ಎಂದು ಅಫಿಡವಿಟ್‌ನಲ್ಲಿ, ಅಂದರೆ ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆಯಲ್ಲಿ, ತೋರಿಸಿದರೆ ಎದುರಿನವರು ಬರುವ ಮುಂಚೆಯೇ ಆದೇಶ ಕೊಡಲು ಬರುತ್ತದೆ. ತುಂಬಿದ ಕೋರ್ಟಿನಲ್ಲಿ ಹೇಳಲು ಸಂಕೋಚವಾದರೆ ಬಾಗಿಲು ಮುಚ್ಚಿ ವಿಚಾರಣೆ ನಡೆಸಿ ಎಂದೂ ಕೋರಬಹುದು.

ವಕೀಲರ ಫೀಸಿನ ಚಿಂತೆ ಬೇಡ. ಮಹಿಳೆಯರಿಗೆ, ಆದಾಯ ಎಷ್ಟೇ ಇದ್ದರೂ, ಉಚಿತ ಕಾನೂನು ನೆರವು ಹಕ್ಕಾಗಿ ಸಿಗುತ್ತದೆ. ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಅಥವಾ ತಾಲ್ಲೂಕು ಸಮಿತಿಯ ಕಚೇರಿ ಇರುತ್ತದೆ. ಫೋನ್ ಮಾಡುವುದಾದರೆ 15100.

ಠಾಣೆಗೇ ಹೋಗುವುದಾದರೆ

ಗಂಡ ಅಥವಾ ಅವನ ಕಡೆಯವರ ಕ್ರೌರ್ಯ ಕ್ರಿಮಿನಲ್ ಅಪರಾಧವೂ ಹೌದು. ಹಿಂದೆ ಭಾರತೀಯ ದಂಡ ಸಂಹಿತೆಯ (ಐಪಿಸಿ) 498ಎ ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಮೂರು ವರ್ಷದವರೆಗೆ ಜೈಲು ಮತ್ತು ದಂಡ. ಡಿ.ವಿ. ಅರ್ಜಿ, ಈ ಕೇಸು ಎರಡನ್ನೂ ಒಟ್ಟಿಗೆ ನಡೆಸಬಹುದು. ಆದರೆ ಯೋಚಿಸಿ ಹೆಜ್ಜೆ ಇಡಿ. ಎಫ್‌ಐಆರ್ ಆದಮೇಲೆ ‘ವಾಪಸ್ ತಗೋತೀನಿ ಸಾರ್’ ಎಂದರೆ ಠಾಣೆಯಲ್ಲಿ ಮುಗಿಯುವುದಿಲ್ಲ, ರಾಜಿಯಾದರೂ ಹೈಕೋರ್ಟಿನಲ್ಲಿ ರದ್ದು ಮಾಡಿಸಬೇಕಾಗುತ್ತದೆ. ದೂರು ಕೊಟ್ಟ ಕೂಡಲೇ ಬಂಧನವೂ ಆಗುವುದಿಲ್ಲ. ಬಂಧಿಸುವುದಾದರೆ ಪೊಲೀಸರು ಅದಕ್ಕೆ ಕಾರಣ ಬರೆದಿಡಬೇಕು.

‘ಇದು ನಮ್ಮ ಲಿಮಿಟ್ ಅಲ್ಲ’ ಎಂದು ಠಾಣೆಯಿಂದ ಠಾಣೆಗೆ ಅಲೆದಾಡಿಸುವಂತಿಲ್ಲ. ಎಲ್ಲಿ ಬೇಕಾದರೂ ‘ಝೀರೋ ಎಫ್‌ಐಆರ್’ ಹಾಕಿಸಬಹುದು. ಎಫ್‌ಐಆರ್ ಪ್ರತಿ ಉಚಿತ. ಇಬ್ಬರನ್ನೂ ಕೂರಿಸಿ ಪಂಚಾಯಿತಿ ಮಾಡಿ, ಮುಚ್ಚಳಿಕೆ ಬರೆಸಿ ಕಳಿಸುವ ಅಭ್ಯಾಸ ಇನ್ನೂ ಇದೆ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಸಹಿ ಹಾಕಬೇಡಿ. ದೂರು ಕೊಟ್ಟಿದ್ದಕ್ಕೆ ಸ್ವೀಕೃತಿಯನ್ನೋ ಹಿಂಬರಹವನ್ನೋ ಕೇಳಿ ಪಡೆಯಿರಿ. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಎಸ್‌ಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಲು ದಾರಿ ಇದೆ.

ಆದೇಶ ಕೈಗೆ ಬಂದ ಮೇಲೆ

ಆದೇಶದ ಪ್ರತಿಯನ್ನು ಕೋರ್ಟ್ ನಿಮಗೆ ಉಚಿತವಾಗಿ ಕೊಡಬೇಕು, ಠಾಣೆಗೂ ಕಳಿಸಬೇಕು. ಕಳಿಸುತ್ತಾರೆ ಎಂದು ಕಾಯದೆ ನೀವೂ ಒಂದು ಜೆರಾಕ್ಸ್ ಒಯ್ದು ಕೊಡಿ, ಇನ್ನೊಂದರ ಫೋಟೊ ಫೋನಿನಲ್ಲಿರಲಿ. ರಕ್ಷಣಾ ಆದೇಶ ಮೀರಿದರೆ ಅದೇ ಹೊಸ ಅಪರಾಧ: ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಮೀನು ಹಕ್ಕಾಗಿ ಸಿಗದ ಅಪರಾಧ ಇದು. ಬಾಗಿಲ ಹತ್ತಿರ ಬಂದು ಕೂಗಾಡಿದರೂ 112ಕ್ಕೆ ಫೋನ್ ಮಾಡಿ ‘ಕೋರ್ಟ್ ಆರ್ಡರ್ ಇದೆ’ ಎಂಬುದನ್ನೇ ಮೊದಲು ಹೇಳಿ. ಜೀವನಾಂಶ ಕೊಡದೆ ಸತಾಯಿಸುತ್ತಿದ್ದರೆ ಅವನ ಸಂಬಳದಿಂದ ನೇರವಾಗಿ ಕೊಡಿಸಿ ಎಂದು ಅದೇ ಕೋರ್ಟಿಗೆ ಅರ್ಜಿ ಹಾಕಿ. ಆದೇಶವೇ ನಿಮ್ಮ ವಿರುದ್ಧ ಬಂದಿದ್ದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 30 ದಿನ ಸಮಯವಿದೆ.